ನಾಲ್ಕು ಹೊಟ್ಟೆಗೆ ಎರಡು ಎಣ್ಣೆ

ಹಳೇ ಜಿಪ್ಸಿ ಕೊಂಡಿದ್ದೀಯ, ಸಂತೋಷ. ದಪ್ಪ ಟೈರು, ಮೇಲಿನ ಲೈಟು ಎಲ್ಲ ಆಮೇಲೆ ಮಾಡಿಸು. ಮೊದಲು ಗಾಡಿ ಕೆಳಗೆ ಮಲಗಿ ನೋಡು. ಎಂಜಿನ್ ಬಿಟ್ಟು ಇದಕ್ಕೆ ಇನ್ನೂ ನಾಲ್ಕು ಹೊಟ್ಟೆಗಳಿವೆ: ಗೇರ್‌ಬಾಕ್ಸು, ಗಿಡ್ಡ ಶಾಫ್ಟಿನ ಆಚೆ ಬೇರೆಯೇ ಕೂತಿರುವ ಟ್ರಾನ್ಸ್‌ಫರ್ ಕೇಸು, ಮುಂದೊಂದು ಹಿಂದೊಂದು ಡಿಫರೆನ್ಷಿಯಲ್ಲು. ನಾಲ್ಕಕ್ಕೂ ಒಂದೇ ಡಬ್ಬದಿಂದ ಸುರಿದು ಕೈ ಒರೆಸಿಕೊಳ್ಳುವ ಮೆಕ್ಯಾನಿಕ್ಕು ಸಿಕ್ಕರೆ ಗಾಡಿ ಹಾಗೇ ಹಿಂದಕ್ಕೆ ತೆಗೆ.

ಅಂಗಡಿಯಲ್ಲಿ ‘ಗೇರ್ ಆಯಿಲ್ 90 ಕೊಡಿ’ ಅಂದರೆ ಸಾಲದು. 90 ಹೇಳುವುದು ಎಣ್ಣೆ ಎಷ್ಟು ಮಂದ ಅನ್ನುವುದನ್ನು ಮಾತ್ರ. ಅದನ್ನು ನೋಡಿ ಹೆದರಲೂ ಬೇಡ. ಗೇರ್ ಎಣ್ಣೆಯ ಅಳತೆಗೋಲೇ ಬೇರೆ. ಅಲ್ಲಿನ 90 ಎಂಜಿನ್ ಆಯಿಲಿನ 40, 50ರಷ್ಟೇ ಮಂದ. ಇನ್ನು 75ಡಬ್ಲ್ಯೂ, 80ಡಬ್ಲ್ಯೂ ಅಂತ ಜಗಳವಾಡುವವರನ್ನು ಆಡಿಕೊಳ್ಳಲು ಬಿಡು. ಆ ಡಬ್ಲ್ಯೂ ಚಳಿಯ ಲೆಕ್ಕ, 80ಡಬ್ಲ್ಯೂವನ್ನು ಪರೀಕ್ಷಿಸುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿಯಲ್ಲಿ 7.8 ಡಿಗ್ರಿ. ಯಲಹಂಕದ ಡಿಸೆಂಬರಿನ ಬೆಳಗಿನಲ್ಲಿ ಮೊದಲೆರಡು ಗೇರು ಕೊಂಚ ಬಿಗಿ ಅನ್ನಿಸೀತು, ಅಷ್ಟೇ.

ನೋಡಬೇಕಾದದ್ದು ಡಬ್ಬದ ಹಿಂದಿನ ಸಣ್ಣಕ್ಷರ: ಜಿಎಲ್-4 ಅಂತಿದೆಯೋ, ಜಿಎಲ್-5 ಅಂತಿದೆಯೋ. ನಾಲ್ಕಕ್ಕಿಂತ ಐದು ಮೇಲು, ದುಡ್ಡೂ ಹೆಚ್ಚು, ಹಾಗಾಗಿ ಅದೇ ಒಳ್ಳೆಯದು ಅಂತ ನಿನ್ನ ಗೆಳೆಯರು ಹೇಳುತ್ತಾರೆ. ಇದು ಪರೀಕ್ಷೆಯ ಅಂಕವಲ್ಲಪ್ಪ, ಕೆಲಸದ ಹೆಸರು.

ಡಿಫರೆನ್ಷಿಯಲ್ಲಿನಲ್ಲಿ ಹೈಪಾಯ್ಡ್ ಗೇರುಗಳಿವೆ. ಪಿನಿಯನ್ನು ಕ್ರೌನ್ ವೀಲಿನ ನಡುಗೆರೆಗೆ ಸರಿಯಾಗಿ ಇರದೆ ಪಕ್ಕಕ್ಕೆ ಸರಿದು ಕೂತಿರುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದನ್ನೊಂದು ಉಜ್ಜುತ್ತವೆ. ಆ ಒತ್ತಡಕ್ಕೆ ಎಣ್ಣೆಯ ಪದರ ಹರಿಯುತ್ತದೆ. ಆಗ ಎಣ್ಣೆಯಲ್ಲಿರುವ ಗಂಧಕ, ರಂಜಕದ ಅಂಶಗಳು ಬಿಸಿಯಾದ ಉಕ್ಕಿನ ಮೇಲೆ ತೆಳುವಾದ ಪೊರೆ ಕಟ್ಟಿ ಹಲ್ಲನ್ನು ಉಳಿಸುತ್ತವೆ. ಜಿಎಲ್-5ರಲ್ಲಿ ಈ ಅಂಶ ಜಿಎಲ್-4ಕ್ಕಿಂತ ಸುಮಾರು ಇಮ್ಮಡಿ. ಡಿಫರೆನ್ಷಿಯಲ್ಲಿಗೆ ಅದೇ ಬೇಕು, ಅಲ್ಲಿ ಜಿಪುಣತನ ಮಾಡಬೇಡ.

ಗೇರ್‌ಬಾಕ್ಸಿನ ಕಥೆ ಬೇರೆ. ಅದರೊಳಗೆ ಹಿತ್ತಾಳೆ ಜಾತಿಯ ಸಿಂಕ್ರೋ ರಿಂಗುಗಳಿವೆ. ಕಾವೇರಿದಾಗ ಆ ಗಂಧಕವೇ ಹಿತ್ತಾಳೆಯನ್ನು ತಿನ್ನಬಲ್ಲದು. ಈಚಿನ ಕೆಲವು ಜಿಎಲ್-5ಗಳಲ್ಲಿ ಇದಕ್ಕೆ ತಡೆ ಇದೆ ನಿಜ. ಆದರೂ ಇನ್ನೊಂದು ತೊಡಕು ಉಳಿಯುತ್ತದೆ. ಸಿಂಕ್ರೋ ರಿಂಗು ಗೇರನ್ನು ಹಿಡಿದು ವೇಗ ಹೊಂದಿಸಬೇಕು. ಎಣ್ಣೆ ಅತಿಯಾಗಿ ಜಾರಿದರೆ ಹಿಡಿತ ಸಿಗುವುದಿಲ್ಲ, ಹೆಬ್ಬಾಳದ ಫ್ಲೈಓವರಿನ ಸಾಲಿನಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಅನ್ನುತ್ತದೆ. ಆದ್ದರಿಂದ ಗೇರ್‌ಬಾಕ್ಸಿಗೆ ಜಿಎಲ್-4. ಟ್ರಾನ್ಸ್‌ಫರ್ ಕೇಸಿಗೆ ಗಾಡಿಯ ಪುಸ್ತಕ ಹೇಳಿದ್ದು.

ಮುಂದೆ ಹಳೇ ವಿಲ್ಲೀಸ್ ಮಾದರಿಯ ಜೀಪಿನ ಮೇಲೆ ಆಸೆ ಹುಟ್ಟಿದರೆ ಇದು ನೆನಪಿರಲಿ: ಅದರಲ್ಲಿ ಗೇರ್‌ಬಾಕ್ಸೂ ಟ್ರಾನ್ಸ್‌ಫರ್ ಕೇಸೂ ಬೆನ್ನಿಗಂಟಿಕೊಂಡಿರುತ್ತವೆ. ನಡುವಿನ ಸೀಲು ಸವೆದರೆ ಒಂದರ ಎಣ್ಣೆ ಇನ್ನೊಂದಕ್ಕೆ ನುಸುಳುತ್ತದೆ, ಎರಡಕ್ಕೂ ಒಂದೇ ಎಣ್ಣೆ ಇರುವುದೇ ಕ್ಷೇಮ.

ಎಣ್ಣೆ ಬದಲಿಸುವ ದಿನ ಒಂದು ಸುತ್ತು ಓಡಿಸಿ ಬಿಸಿ ಮಾಡು. ತುಂಬುವ ಬೋಲ್ಟು ಮೊದಲು ಬಿಚ್ಚು, ಇಳಿಸುವುದು ಆಮೇಲೆ. ಎಣ್ಣೆಯೆಲ್ಲ ಬಸಿದ ಮೇಲೆ ಮೇಲಿನ ಬೋಲ್ಟು ತುಕ್ಕು ಹಿಡಿದು ಕದಲದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಬೋಲ್ಟಿನ ಆಯಸ್ಕಾಂತಕ್ಕೆ ಬೂದುಬಣ್ಣದ ನಯವಾದ ಕೆಸರು ಅಂಟಿದ್ದರೆ ಚಿಂತೆಯಿಲ್ಲ. ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಚಿನ್ನದ ಮಿಣುಕು ಕಂಡರೆ ಅದು ರಿಂಗಿನ ಹಿತ್ತಾಳೆ. ಮಳೆಗಾಲದಲ್ಲಿ ನೀರು ತುಂಬಿದ ಅಂಡರ್‌ಪಾಸ್ ದಾಟಿದ್ದರೆ ಡಿಫರೆನ್ಷಿಯಲ್ಲನ್ನು ಆ ವಾರವೇ ನೋಡಿಸು. ಬಿಸಿ ಆಕ್ಸಲ್ಲು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಚೆಲ್ಲಿ ಹೊಸದು ಹಾಕು. ‘ಚೆಲ್ಲು’ ಅಂದೆ ಅಂತ ರಾಜಕಾಲುವೆಗೆ ಬಿಟ್ಟೀಯ, ಅದು ಕೆರೆಗೆ ಹೋಗುತ್ತದೆ. ಹಳೇ ಎಣ್ಣೆ ಕೊಳ್ಳುವವರಿಗೆ ಕೊಡು.

ಆಮೇಲೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಗಾಡಿ ಚೆನ್ನಾಗಿ ಕಾಯುವಷ್ಟು ಓಡಿಸಿ ಮೂರರಿಂದ ಎರಡಕ್ಕೆ ಇಳಿಸಿ ನೋಡು. ಆಗಲೂ ಕರ್ರ್ ಅಂದರೆ, ಕ್ಲಚ್ಚು ಪೂರ್ತಿ ಬಿಡುತ್ತಿದೆಯೇ ಅಂತ ನೋಡಿಸು. ಅದೂ ಸರಿಯಿದ್ದರೆ ಇನ್ನೊಂದು ಡಬ್ಬಕ್ಕೆ ದುಡ್ಡು ಹಾಕದೆ ಬಾಕ್ಸು ಇಳಿಸಿ ರಿಂಗು ಬದಲಾಯಿಸು.