ಹೂವಿಗಿಂತ ಮೊದಲು ಬೇರಿನ ವಿಚಾರ

ಹಿತ್ತಲಲ್ಲಿ ವರ್ಷಗಟ್ಟಲೆ ನಿಂತು ಹೂ ಕೊಡುವ ಗಿಡ ಬೇಕೆನ್ನುವವರು ಸಾಮಾನ್ಯವಾಗಿ ನರ್ಸರಿಯಲ್ಲಿ ಅರಳಿದ ಹೂ ನೋಡಿ ಸಸಿ ತರುತ್ತಾರೆ. ಆಡೂರು, ಅಕ್ಕಿಆಲೂರು, ತಿಳವಳ್ಳಿ ಕಡೆ ಈ ಆಯ್ಕೆ ಬಹಳ ಸಲ ಕೈಕೊಡುತ್ತದೆ. ಈ ಊರುಗಳಿರುವ ಹಾನಗಲ್ ತಾಲೂಕು ಮಲೆನಾಡಿನ ಸೆರಗು. ಜುಲೈ, ಆಗಸ್ಟ್‌ನಲ್ಲಿ ನೆಲ ಆರುವುದೇ ಅಪರೂಪ. ಏಪ್ರಿಲ್ ಬಂತೆಂದರೆ ಅಪ್ಪಟ ಬಯಲುಸೀಮೆಯ ಬಿಸಿಲು. ಒಂದೇ ಗಿಡ ಇವೆರಡನ್ನೂ ತಾಳಬೇಕು. ಮಳೆಗಾಲದಲ್ಲಿ ಕೊಳೆತ ಬೇರು ಬೇಸಿಗೆಯಲ್ಲಿ ನೀರು ಎಳೆಯಲಾರದು. ಹೀಗಾಗಿ ಮೇ ತಿಂಗಳಲ್ಲಿ ಒಣಗಿದ ಮಲ್ಲಿಗೆ ಕಂಟಿಗೆ ನೀರು ಸಾಲಲಿಲ್ಲ ಎಂದು ಮರುಗುವವರು ಹಿಂದಿನ ಜುಲೈನಲ್ಲಿ ಅದರ ಬುಡದಲ್ಲಿ ನೀರು ನಿಂತಿತ್ತೇ ಎಂದು ನೆನಪಿಸಿಕೊಳ್ಳುವುದು ಒಳ್ಳೆಯದು. ಬಹುವಾರ್ಷಿಕ ಹೂವನ್ನು ಬಣ್ಣ, ಪರಿಮಳ ನೋಡಿ ಆರಿಸುವ ಮೊದಲು ಅದರ ಬೇರು ನಮ್ಮ ಮಣ್ಣಿನಲ್ಲಿ ಉಳಿದೀತೇ ಎಂದು ನೋಡಬೇಕು.

ಪರೀಕ್ಷೆ ಸರಳ. ಗಿಡ ಹಚ್ಚಬೇಕೆಂದಿರುವ ಜಾಗದಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಾಯಿಮಟ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಮಸಾರಿ ಮಣ್ಣಾದರೆ ಎರಡನೇ ಸಲದ ನೀರೂ ಕೆಲವು ತಾಸಿನಲ್ಲಿ ಇಳಿಯುತ್ತದೆ. ಎರೆ ಮಣ್ಣಾದರೆ ಮರುದಿನ ಬೆಳಗ್ಗೆಯೂ ತಳದಲ್ಲಿ ರಾಡಿ ಉಳಿದಿರುತ್ತದೆ. ಅಂಥಲ್ಲಿ ಗುಂಡಿಯ ಆಸೆ ಬಿಟ್ಟು, ನೆಲದಿಂದ ಒಂದು ಅಡಿ ಎತ್ತರಕ್ಕೆ ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಏರುಮಡಿ ಮಾಡಬೇಕು. ಎರೆಯಲ್ಲಿ ತೋಡಿದ ಗುಂಡಿಗೆ ಬರೀ ಗೊಬ್ಬರ, ಮರಳು ತುಂಬಿದರೆ ಸುತ್ತಲಿನ ನೀರೆಲ್ಲ ಬಸಿದು ಅಲ್ಲಿಗೇ ಬಂದು ನಿಲ್ಲುತ್ತದೆ. ಒಳ್ಳೆಯದು ಮಾಡಲು ಹೋಗಿ ಗಿಡವನ್ನು ಬಾನಿಯಲ್ಲಿ ಇಟ್ಟಂತಾಗುತ್ತದೆ. ಹಚ್ಚುವ ಕಾಲವೂ ಮಣ್ಣಿನಿಂದಲೇ ನಿರ್ಧಾರವಾಗಲಿ. ಮಸಾರಿಯಲ್ಲಿ ಮಿರಗ ಮಳೆ ಬಿದ್ದು ನೆಲ ತಣಿದ ಕೂಡಲೇ ಹಚ್ಚಬಹುದು. ಎರೆಯಲ್ಲಿ ಜೋರು ಮಳೆ ಕಳೆದು, ಸೆಪ್ಟೆಂಬರ್‌ನ ಉತ್ತರೆ ಮಳೆಯವರೆಗೆ ಕಾಯುವುದೇ ಜಾಣತನ.

ಹೀಗೆ ನೋಡಿದರೆ ಮೊದಲ ಸಾಲು ತಾನಾಗಿಯೇ ಸಿದ್ಧವಾಗುತ್ತದೆ: ದಾಸವಾಳ, ನಂದಬಟ್ಟಲು, ಕಣಗಿಲ. ಮೂರೂ ಗಟ್ಟಿ ಜೀವ, ಹೆಚ್ಚುಕಡಿಮೆ ವರ್ಷವಿಡೀ ಹೂ ಕೊಡುತ್ತವೆ, ದುಡ್ಡು ಕೊಟ್ಟು ತರಬೇಕಾಗಿಯೂ ಇಲ್ಲ. ನೆರೆಮನೆಯ ಗಿಡದಿಂದ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಬಲಿತ ಕಡ್ಡಿ ಕತ್ತರಿಸಿ, ತುದಿಯ ಎರಡು ಎಲೆ ಮಾತ್ರ ಉಳಿಸಿ, ಕೆಳಗಿನ ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆರಳಲ್ಲಿ ಊರಿದರೆ ಸಾಕು. ಕಣಗಿಲದ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಅದು ಬೇಡವೇ ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಿಟ್ಟುಬಿಡಿ. ಹಚ್ಚುವುದಾದರೆ ಗೋದಲಿಯಿಂದ ದೂರದ ಬೇಲಿಗೆ ಹಚ್ಚಿ, ಸವರಿದ ಕೊಂಬೆ ಮೇವಿನಲ್ಲಿ ಬೆರೆಯದಂತೆ ನೋಡಿಕೊಳ್ಳಿ.

ಎರಡನೆಯ ಸಾಲಿನವು ಆರೈಕೆ ಬೇಡುವ ಹೂಗಳು. ದುಂಡುಮಲ್ಲಿಗೆಯನ್ನು ಬಿಸಿಲು ಧಾರಾಳವಾಗಿ ಬೀಳುವಲ್ಲಿ ನಾಲ್ಕೈದು ಅಡಿ ಅಂತರದಲ್ಲಿ ಹಚ್ಚಬೇಕು. ಅದರ ಹೂ ಬರುವುದು ಹೊಸ ಚಿಗುರಿನಲ್ಲಿ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ಎಲೆ ಉದುರಿಸಿ, ಕಂಟಿಯನ್ನು ಮೊಣಕಾಲೆತ್ತರಕ್ಕೆ ಸವರಿ, ಗೊಬ್ಬರ ಕೊಟ್ಟು ಮತ್ತೆ ನೀರು ಹಾಯಿಸಿದರೆ ಮಾರ್ಚ್‌ನಿಂದ ಮೊಗ್ಗು ತುಂಬುತ್ತದೆ. ಸವರಲು ಮನಸ್ಸು ಬಾರದೆ ಬಿಟ್ಟ ಕಂಟಿ ಎಲೆಯಲ್ಲೇ ಬೆಳೆಯುತ್ತದೆ. ಅಬ್ಬಲಿಗೆಗೆ ಅರೆನೆರಳು ಒಗ್ಗುತ್ತದೆ. ಅದರ ಶತ್ರು ಬೇರುಗಂಟು ಮಾಡುವ ಜಂತುಹುಳು. ಸೊರಗಿದ ಗಿಡ ಕಿತ್ತು ನೋಡಿ. ಬೇರಿನಲ್ಲಿ ಸಾಸಿವೆಯಂಥ ಗಂಟುಗಳಿದ್ದರೆ ಅದೇ ಜಾಗದಲ್ಲಿ ಮತ್ತೆ ಅಬ್ಬಲಿಗೆ ಬೇಡ. ನಾಟಿಗೆ ಮೊದಲು ಬೇವಿನಹಿಂಡಿ ಬೆರೆಸುವುದು ಇದಕ್ಕಾಗಿಯೇ. ದೆಹಲಿ ಅಬ್ಬಲಿಗೆ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಸುಗಂಧರಾಜದ ಗಡ್ಡೆ ತರುವವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಶೃಂಗಾರ’ ತಳಿ ಕೇಳಿ. ಅದು ಈ ಜಂತುಹುಳುವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪಾರಿಜಾತ, ಚಳಿಗೆ ಗೊರಟೆ ಇದ್ದರೆ ವರ್ಷದಲ್ಲಿ ದೇವರ ಹೂವಿಗೆ ಕೊರತೆಯಾಗುವ ತಿಂಗಳಿರುವುದಿಲ್ಲ. ಸಂಪಿಗೆ ಬೇಕಿದ್ದರೆ ಕಸಿಗಿಡವನ್ನೇ ತನ್ನಿ, ಬೀಜದ ಸಸಿ ಹೂ ಬಿಡಲು ಎಷ್ಟೋ ವರ್ಷ ಹಿಡಿಯುತ್ತದೆ.

ಚೆಂಡುಹೂ ಎರಡು ತಿಂಗಳಲ್ಲಿ ಅರಳುವಾಗ ಇಷ್ಟೆಲ್ಲ ಕಾಯುವುದೇಕೆ ಎಂದು ಕೇಳುವವರಿದ್ದಾರೆ. ಕಾಯುವ ಕಾಲದಲ್ಲಿ ಚೆಂಡುಹೂ ಇರಲಿ. ಬಹುವಾರ್ಷಿಕ ಗಿಡಗಳ ನಡುವಿನ ಖಾಲಿ ಜಾಗದಲ್ಲಿ ಅದನ್ನು ಹಚ್ಚಿದರೆ ದಸರೆಗೆ ಹೂವೂ ಸಿಗುತ್ತದೆ, ಅದರ ಬೇರಿನ ಸತ್ವಕ್ಕೆ ಮಣ್ಣಿನ ಜಂತುಹುಳುವೂ ತಗ್ಗುತ್ತದೆ. ಆದರೆ ಅದನ್ನು ಪ್ರತಿ ಹಂಗಾಮಿಗೂ ಹೊಸದಾಗಿ ಬಿತ್ತಬೇಕು. ಒಮ್ಮೆ ಬೇರೂರಿದ ನಂದಬಟ್ಟಲು ಆ ಕೆಲಸವನ್ನು ಕೇಳುವುದಿಲ್ಲ. ಹೊಲದ ಕೆಲಸ ಮುಗಿಸಿ ಬರುವ ಮನೆಯವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಲ್ಲಿಗೆ, ಸಂಪಿಗೆಯ ಪರಿಮಳಕ್ಕೆ ಹಾವು ಬರುತ್ತದೆ ಎಂಬ ಭಯವನ್ನು ತಳ್ಳಿಹಾಕಬಾರದು, ಅದರ ಕಾರಣವನ್ನು ಸರಿಯಾಗಿ ಗುರುತಿಸಬೇಕು. ಹಾವು ಬರುವುದು ಇಲಿ, ಕಪ್ಪೆಗಾಗಿ. ಅಡಗುವುದು ನೆಲಕ್ಕೆ ತಾಗಿದ ಕೊಂಬೆ, ಕೊಳೆತ ಎಲೆಯ ರಾಶಿಯಲ್ಲಿ. ಬುಡದಿಂದ ಒಂದು ಅಡಿಯವರೆಗೆ ಕೊಂಬೆ ತೆಗೆದು, ಎಲೆಯ ರಾಶಿ ಗುಡಿಸಿಟ್ಟರೆ ಭಯಕ್ಕೆ ಆಸ್ಪದ ಕಡಿಮೆ. ಬಾಗಿಲ ಪಕ್ಕ, ಬಚ್ಚಲ ಹಾದಿಯಲ್ಲಿ ದಟ್ಟ ಕಂಟಿ ಹೇಗೂ ಬೇಡ.

ಬೇಸಿಗೆಯ ನೀರಿನದೇ ನಿಜವಾದ ಆಕ್ಷೇಪಣೆ. ಕುಡಿಯುವ ನೀರಿಗೇ ಸರದಿ ನಿಲ್ಲುವಾಗ ಹೂವಿಗೆಲ್ಲಿಂದ? ಬಚ್ಚಲ ನೀರು ಇದಕ್ಕೆ ಸಾಲುತ್ತದೆ, ಆದರೆ ದಿನವೂ ಒಂದೇ ಗಿಡಕ್ಕೆ ಬಿಟ್ಟರೆ ಸಾಬೂನಿನ ಉಪ್ಪು ಮಣ್ಣಿನಲ್ಲಿ ಕೂತು ಎಲೆಯಂಚು ಸುಡುತ್ತದೆ. ಇವತ್ತು ದಾಸವಾಳದ ಪಾತಿಗೆ, ನಾಳೆ ನಂದಬಟ್ಟಲಿಗೆ ಎಂದು ಕಾಲುವೆ ತಿರುಗಿಸುತ್ತಿರಿ; ಬಟ್ಟೆಸೋಡಾ ಬೆರೆತ ನೀರನ್ನು ಯಾವ ಗಿಡಕ್ಕೂ ಬಿಡಬೇಡಿ. ಎಳೆಯ ಅಬ್ಬಲಿಗೆ, ಹೊಸ ಮಲ್ಲಿಗೆಗೆ ತರಕಾರಿ, ಅಕ್ಕಿ ತೊಳೆದ ನೀರು ಮೀಸಲಿಡಿ. ಫೆಬ್ರವರಿಯಲ್ಲೇ ಬುಡದ ಸುತ್ತ ಮೂರು ಬೆರಳು ದಪ್ಪ ಭತ್ತದ ಹುಲ್ಲು ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಗೆದ್ದಲು ಕಂಡ ಕಡೆ ಹುಲ್ಲು ಸರಿಸಿ ಬೇವಿನಹಿಂಡಿ ಹಾಕಿ. ಮಿರಗ ಹತ್ತಿರ ಬಂದಾಗ ಆ ಹೊದಿಕೆಯನ್ನು ತೆಗೆದು ತಿಪ್ಪೆಗೆ ಹಾಕಿ, ಏರುಮಡಿಯ ಅಂಚು ಕುಸಿದಿದ್ದರೆ ಮೊದಲ ದೊಡ್ಡ ಮಳೆಗೆ ಮುಂಚೆ ಕಟ್ಟಿ.