ಎರಡು ಚೀಟಿ, ಒಂದು ಹೃದಯ

ನಿಮ್ಮ ಮನೆಯಲ್ಲಿ ಹೃದ್ರೋಗಕ್ಕೋ ಬಿ.ಪಿ.ಗೋ ಮಾತ್ರೆ ಸೇವಿಸುವ ಹಿರಿಯರಿದ್ದಾರೆಯೇ? ಹಾಗಾದರೆ ಇಂದೇ ಅವರ ಔಷಧಿಯ ಚೀಲವನ್ನು ಬಿಚ್ಚಿ ನೋಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಅನೇಕ ರೋಗಿಗಳು ಒಂದೇ ಕಾಯಿಲೆಗೆ ಹಲವು ಕಡೆ ಹೋಗುತ್ತಾರೆ. ದೊಡ್ಡ ತಪಾಸಣೆಗೆ ಬೆಂಗಳೂರಿನ ಜಯದೇವ ಆಸ್ಪತ್ರೆ, ನಡುವೆ ತುಮಕೂರಿನ ಜಿಲ್ಲಾಸ್ಪತ್ರೆ, ಅವಸರಕ್ಕೆ ಊರಿನ ವೈದ್ಯರು. ಪಾವಗಡದವರಿಗೆ ಆಂಧ್ರದ ಹಿಂದೂಪುರವೂ ಹತ್ತಿರ. ಹೀಗೆ ಚೀಟಿಗಳು ಎರಡು ಮೂರು ಸೇರುತ್ತವೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆದರೆ ಎಲ್ಲ ಮಾತ್ರೆಗಳೂ ಹೋಗಿ ಸೇರುವುದು ಒಂದೇ ದೇಹಕ್ಕೆ.

ಹೃದಯದ ಎರಡು ಔಷಧಿಗಳನ್ನು ಜೊತೆಯಾಗಿ ಸೇವಿಸುವುದೇ ತಪ್ಪೆಂದು ಭಾವಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ವೈದ್ಯರು ಬೇಕೆಂದೇ ಕೊಡುತ್ತಾರೆ. ನೀವಾಗಿಯೇ ಒಂದನ್ನು ಬಿಟ್ಟರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಅಪಾಯವಿರುವುದು ವೈದ್ಯರಿಗೆ ತಿಳಿಯದೆ ಕೂಡಿಕೊಳ್ಳುವ ಮಾತ್ರೆಗಳಲ್ಲಿ.

ಒಂದೇ ಔಷಧಿ, ಎರಡು ಹೆಸರು

ಒಂದೇ ಔಷಧಿಯನ್ನು ಬೇರೆ ಬೇರೆ ಕಂಪೆನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಪಟ್ಟಿಯ ಬಣ್ಣ ಬೇರೆಯಾದ್ದರಿಂದ ಔಷಧಿಯೂ ಬೇರೆಯೆಂದು ತಿಳಿದು ಎರಡನ್ನೂ ನುಂಗುವವರಿದ್ದಾರೆ. ಕೆಲವು ಮಾತ್ರೆಗಳಲ್ಲಿ ಟೆಲ್ಮಿಸಾರ್ಟಾನ್ ಮತ್ತು ಅಮ್ಲೊಡಿಪಿನ್ ಎರಡೂ ಸೇರಿರುತ್ತವೆ. ಅದರ ಜೊತೆ ಹಳೆಯ ಅಮ್ಲೊಡಿಪಿನ್ ಮಾತ್ರೆಯನ್ನೂ ಮುಂದುವರಿಸಿದರೆ ಪ್ರಮಾಣ ಹೆಚ್ಚಾಗಿ ಬಿ.ಪಿ. ಕುಸಿಯುತ್ತದೆ, ಕಾಲು ಊದಿಕೊಳ್ಳುತ್ತದೆ. ಆದ್ದರಿಂದ ಕಂಪೆನಿ ಇಟ್ಟ ಹೆಸರಿನ ಜೊತೆ ಪಟ್ಟಿಯ ಮೇಲಿರುವ ಔಷಧಿಯ ಮೂಲ ಹೆಸರನ್ನೂ ಓದಿ.

ನಾಡಿ ನಿಧಾನವಾದರೆ

ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಹೃದಯದ ಬಡಿತವನ್ನು ತಗ್ಗಿಸುತ್ತವೆ. ವೆರಾಪಮಿಲ್ ಮತ್ತು ಡಿಲ್ಟಿಯಾಝೆಮ್ ಕೂಡಾ ಅದೇ ಕೆಲಸ ಮಾಡುತ್ತವೆ. ಈ ಎರಡು ಗುಂಪಿನ ಮಾತ್ರೆಗಳು ಒಟ್ಟಾದರೆ ಬಡಿತ ತೀರಾ ಇಳಿದು ರೋಗಿ ಪ್ರಜ್ಞೆ ತಪ್ಪಬಹುದು. ವಿಶ್ರಾಂತಿಯಲ್ಲಿರುವಾಗ ನಾಡಿ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100ರವರೆಗೆ ಇರುತ್ತದೆ. ಅದು 50ಕ್ಕಿಂತ ಕಡಿಮೆಯಾಗಿ ಸುಸ್ತಾಗುತ್ತಿದ್ದರೆ ಅಥವಾ ಸಜ್ದಾದಿಂದ ಏಳುವಾಗ ಕಣ್ಣು ಕತ್ತಲೆಗಟ್ಟುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ.

ಪೊಟ್ಯಾಸಿಯಂ ಏರಿದರೆ

ರಾಮಿಪ್ರಿಲ್, ಎನಲಾಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್‌ನಂತಹ ಮಾತ್ರೆಗಳ ಜೊತೆ ಸ್ಪೈರೊನೊಲ್ಯಾಕ್ಟೋನ್ ಸೇರಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಬಹುದು. ಹೃದಯ ದುರ್ಬಲವಾದವರಿಗೆ ವೈದ್ಯರು ಈ ಜೋಡಿಯನ್ನು ಕೊಡುವುದುಂಟು, ಆದರೆ ರಕ್ತಪರೀಕ್ಷೆ ಮಾಡಿಸುತ್ತಿರುತ್ತಾರೆ. ಪರೀಕ್ಷೆ ತಪ್ಪಿಸಬೇಡಿ. ನಮ್ಮ ಕಡೆ ಧಾರಾಳವಾಗಿ ಸಿಗುವ ಎಳನೀರಿನಲ್ಲಿಯೂ ಇಫ್ತಾರ್‌ನ ಖರ್ಜೂರದಲ್ಲಿಯೂ ಪೊಟ್ಯಾಸಿಯಂ ಇದೆ. ಎಷ್ಟು ಸೇವಿಸಬಹುದೆಂದು ವೈದ್ಯರನ್ನೇ ಕೇಳಿ.

ಮಂಡಿನೋವಿನ ಮಾತ್ರೆ

ಪಾವಗಡ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಮೂಳೆ, ಕೀಲು ನೋವು ಬರುತ್ತದೆ. ನೋವು ತಾಳಲಾರದೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಮಲ ಡಾಂಬರಿನಂತೆ ಕಪ್ಪಗಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಈ ನೋವಿನ ಮಾತ್ರೆಗಳು ಬಿ.ಪಿ.ಯನ್ನೂ ಏರಿಸುತ್ತವೆ, ಮೂತ್ರಪಿಂಡಕ್ಕೂ ತೊಂದರೆ ಮಾಡುತ್ತವೆ.

ರಮಝಾನ್‌ನಲ್ಲಿ ಎಚ್ಚರ

ಹಗಲಿನ ಮಾತ್ರೆ ತಪ್ಪಿತೆಂದು ಇಫ್ತಾರ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ನುಂಗಬಾರದು. ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಇಫ್ತಾರ್ ಮತ್ತು ಸಹ್ರಿಗೆ ಮಾತ್ರೆಗಳನ್ನು ಹೇಗೆ ಹಂಚಬೇಕು ಎಂದು ಕೇಳಿಕೊಳ್ಳಿ. ಬೇಡವೆಂದರೆ ಕೊರಗಬೇಕಾಗಿಲ್ಲ. ರೋಗಿಗಳಿಗೆ ಅಲ್ಲಾಹನು ಪವಿತ್ರ ಕುರ್‌ಆನಿನಲ್ಲಿ ವಿನಾಯಿತಿ ನೀಡಿದ್ದಾನೆ.

ನೀವು ಮಾಡಬೇಕಾದುದು

* ಎಲ್ಲ ಚೀಟಿ, ಎಲ್ಲ ಮಾತ್ರೆಗಳನ್ನು ಒಂದೇ ಚೀಲದಲ್ಲಿಡಿ. ಯಾವ ವೈದ್ಯರಲ್ಲಿಗೆ ಹೋದರೂ ಚೀಲ ಸಮೇತ ಹೋಗಿ. ಯುನಾನಿ, ಆಯುರ್ವೇದ ಔಷಧಿಗಳನ್ನೂ ಮರೆಮಾಚಬೇಡಿ.
* ಹೊಸ ಚೀಟಿ ಸಿಕ್ಕಾಗ, 'ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು?' ಎಂದು ಕೇಳಿ.
* ಮಾತ್ರೆಯನ್ನು ನೀವಾಗಿ ಸೇರಿಸಬೇಡಿ, ನೀವಾಗಿ ಬಿಡಬೇಡಿ. ನೆರೆಯವರ ಮಾತ್ರೆ ತೆಗೆದುಕೊಳ್ಳಬೇಡಿ.
* ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ.

ಅಬ್ಬಾ, ಅಮ್ಮಿಗೆ ಸಣ್ಣ ಅಕ್ಷರ ಕಾಣದಿರಬಹುದು. ಓದಬಲ್ಲ ಮಕ್ಕಳು ವಾರಕ್ಕೊಮ್ಮೆ ಆ ಚೀಲವನ್ನು ನೋಡಲಿ. ದೇಹವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ತಂದೆ ತಾಯಿಯ ಮಾತ್ರೆಗಳನ್ನು ಎಣಿಸಿ ಕೊಡುವುದೂ ಅವರ ಸೇವೆಯೇ.