ಉದ್ರಿ ಪುಸ್ತಕ ಮುಚ್ಚಿದ ಮೇಲೆ

ನಮ್ಮದು ಚಿಕ್ಕೋಡಿ ತಾಲ್ಲೂಕಿನ ಕಬ್ಬಿನ ಮನೆತನ. ಉಣ್ಣುವವರು ಆರು ಮಂದಿ. ಅಡುಗೆಮನೆಯ ಲೆಕ್ಕ ಅತ್ತೆಯಿಂದ ನನ್ನ ಕೈಗೆ ಬಂದು ಹದಿನೆಂಟು ವರ್ಷವಾಯಿತು. ಅಷ್ಟರಲ್ಲಿ ಕಲಿತದ್ದು ಇಷ್ಟು.

1. ಮೊದಲು ಉದ್ರಿ ತೀರಬೇಕು. ಕಾರ್ಖಾನೆಗೆ ಕಬ್ಬು ಹಾಕಿದ 14 ದಿನದೊಳಗೆ ಬಿಲ್ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ. ಆದರೂ ತಿಂಗಳುಗಟ್ಟಲೆ ದಾರಿ ನೋಡಿದ ವರ್ಷಗಳು ನಮಗಿವೆ. ಆಗೆಲ್ಲ ಒಲೆ ಉರಿದದ್ದು ಕಿರಾಣಿ ಅಂಗಡಿಯ ಉದ್ರಿಯ ಮೇಲೆ. “ಇರ್ಲಿ ಬಿಡ್ರಿ ಅಕ್ಕಾರ, ಬಿಲ್ ಬಂದಮ್ಯಾಲ ಕೊಡ್ರಿ” ಅನ್ನುತ್ತಿದ್ದ ಅಂಗಡಿಯಣ್ಣನದು ಒಳ್ಳೆಯ ಮನಸ್ಸೇ. ಆದರೆ ರೊಕ್ಕ ಕೈಯಲ್ಲಿದ್ದರೆ “ಎಷ್ಟ್ರೀ?” ಎಂದು ಕೇಳುವ ನಾವು, ಉದ್ರಿಯಾದರೆ “ಬರಕೊಳ್ರಿ” ಎಂದು ಚೀಲ ಎತ್ತಿಕೊಂಡು ಬರುತ್ತೇವೆ. ಒಂದು ಸಂಜೆ ಉದ್ರಿ ಪುಸ್ತಕ ಬಿಚ್ಚಿ ಕೂತು ಓದಿದೆ. ಒಂದೇ ತಿಂಗಳಲ್ಲಿ ಎಣ್ಣೆ ಅರ್ಧರ್ಧ ಲೀಟರಿನಂತೆ ಒಂಬತ್ತು ಸಲ, ಬಿಸ್ಕೀಟು ಹನ್ನೊಂದು ಸಲ! 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರತೊಡಗಿದಾಗ ಬೇರೆ ಯಾವುದಕ್ಕೂ ಮುಟ್ಟದೆ ಹಳೆ ಬಾಕಿಗೆ ಹಾಕಿದೆ. ತೀರಲು ಏಳು ಕಂತು ಬೇಕಾದವು.

2. ಕಾಳು ಸುಗ್ಗಿಯಲ್ಲೇ ಕೊಳ್ಳಬೇಕು, ಒಣಗಿದ್ದೇ ಕೊಳ್ಳಬೇಕು. ಹಿಂಗಾರಿ ಬಿಳಿಜೋಳ ಫೆಬ್ರುವರಿ, ಮಾರ್ಚಿಗೆ ರಾಶಿಯಾಗುತ್ತದೆ. ತೊಗರಿ ಅದಕ್ಕೂ ಮೊದಲೇ ಬಂದಿರುತ್ತದೆ. ಒಂದು ವರ್ಷ ಸೋವಿ ಸಿಕ್ಕಿತೆಂದು ಹಸಿ ಇದ್ದ ಜೋಳ ತಂದು ಪೀಪಾಯಿಗೆ ತುಂಬಿದೆ. ಮಳೆಗಾಲದಲ್ಲಿ ಮುಚ್ಚಳ ತೆಗೆದರೆ ಬಿಸಿ ಹಬೆ, ಮುಗ್ಗಲು ವಾಸನೆ, ಹಿಡಿ ತುಂಬ ನುಸಿ. ಅರ್ಧ ಚೀಲ ಕೋಳಿಗೆ ಹೋಯಿತು. ಈಗ ಕಾಳು ಬಾಯಿಗೆ ಹಾಕಿ ಕಡಿದು ನೋಡುತ್ತೇನೆ. ಕಟ್ ಎನ್ನಬೇಕು, ಮೆತ್ತಗೆ ಚಪ್ಪಟೆಯಾದರೆ ಬೇಡ. ಮನೆಗೆ ತಂದಮೇಲೂ ಎರಡು ದಿನ ಮಾಳಿಗೆ ಮೇಲೆ ಬಿಸಿಲು ತೋರಿಸಿ, ಆರಿದ ಮೇಲೆ ಒಣಗಿದ ಬೇವಿನೆಲೆ ಹಾಕಿ ತುಂಬುತ್ತೇನೆ. ಬಿಸಿ ಇದ್ದಾಗಲೇ ತುಂಬಿದರೆ ಒಳಗೆ ಬೆವರುತ್ತದೆ.

3. ಖಾರದ ಪುಡಿಯ ಪ್ಯಾಕೆಟ್ ನಮ್ಮ ಮನೆಗೆ ಬರುವುದಿಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಮೆಣಸಿನಕಾಯಿ. ಬೇಸಿಗೆಯಲ್ಲಿ ನೆರೆಹೊರೆಯ ನಾಲ್ಕು ಮಂದಿ ಹೆಣ್ಣುಮಕ್ಕಳು ಕೂಡಿ ಸಂಕೇಶ್ವರಕ್ಕೆ ಹೋಗಿ ತರುತ್ತೇವೆ. ಶಕ್ತಿ ಯೋಜನೆ ಬಂದಮೇಲೆ ಬಸ್ಸಿನ ಖರ್ಚೂ ಇಲ್ಲ. ತೊಟ್ಟು ಬಿಡಿಸಿ, ಒಣಗಿಸಿ, ಕುಟ್ಟಿಸುವಾಗ ಗಿರಣಿಯಲ್ಲಿ ಎದುರಿಗೇ ನಿಲ್ಲಬೇಕು. ಕಣ್ಣು ಉರಿದರೂ ಸರಿ.

4. ರೇಷನ್ ಅಕ್ಕಿ ಮಾರಬೇಡಿ. ರೊಟ್ಟಿ ಉಣ್ಣುವ ನಮ್ಮ ಭಾಗದಲ್ಲಿ ಅದು ಉಳಿಯುವುದು ನಿಜ. ಆದರೆ ಮಾರುವುದು ಕಾನೂನಿಗೂ ವಿರುದ್ಧ, ಸಿಗುವುದೂ ಪುಡಿಗಾಸು. ನೆನೆಸಿ ರುಬ್ಬಿದರೆ ದೋಸೆ. ತೊಳೆದು ಒಣಗಿಸಿ ಬೀಸಿಸಿದರೆ ಚಕ್ಕುಲಿ. ನಮ್ಮ ಮನೆಯ ಬಿಸ್ಕೀಟು ನಿಂತದ್ದು ಈ ಚಕ್ಕುಲಿಯಿಂದಲೇ.

5. ಪ್ಯಾಕೆಟ್ ಕೊಳ್ಳುವುದಾದರೆ ಓದಿ ಕೊಳ್ಳಿ. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಹಚ್ಚಿದ ಬೇಳೆ, ಅಕ್ಕಿ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಇದೆ. ಚೀಲದಿಂದ ತೂಗಿ ಕೊಟ್ಟದ್ದಕ್ಕಿಲ್ಲ. ಎಂಆರ್‌ಪಿ ಹತ್ತಿರವೇ ಗ್ರಾಮಿಗೋ ಕಿಲೋಗೋ ಎಷ್ಟು ಬೀಳುತ್ತದೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ದೊಡ್ಡ ಪ್ಯಾಕೆಟ್ಟೇ ಸೋವಿ ಎನ್ನುವುದು ಎಲ್ಲ ಸಲವೂ ಖರೆಯಲ್ಲ.

6. ಹಾಲು, ಶೇಂಗಾ ಎರಡಕ್ಕೂ ಕತ್ತರಿ ಹಾಕಬಾರದು. ದುಡಿಯುವವರ ಬುತ್ತಿಯಲ್ಲಿ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಇರಲೇಬೇಕು. ಅತ್ತೆಗೆ ರಾತ್ರಿ ಒಂದು ಲೋಟ ಹಾಲು. ಅದನ್ನು ನಾನು ಲೆಕ್ಕದಲ್ಲಿ ಬರೆಯುವುದಿಲ್ಲ.